ಎಮ್ಮೆ ತಿರುವಿನ ಡೀಸೆಲ್ ಬಾಟಲಿ

ಫೆಬ್ರವರಿ 3, ಸೋಮವಾರ

ಇವತ್ತು ಹೊಗೆಯ ತಪ್ಪಿಗೆ ಎರಡನೆಯ ಚೀಟಿ ಬಂತು. ಮಾರುಕಟ್ಟೆಯ ಏರಿನಲ್ಲಿ ಹೊಗೆ ತಪಾಸಣೆಯವರು ಕೈ ಅಡ್ಡ ಹಿಡಿದು, ಜನ ಸಾಗಿಸುವ ನಮ್ಮ ಜೀಪ್ನಿ ಗಾಡಿಯನ್ನು ನಿಲ್ಲಿಸಿದರು. ಸೈಲೆನ್ಸರ್ ಬಾಯಿಗೆ ಕೊಳವೆ ತುರುಕಿ, ನನ್ನಿಂದಲೇ ಆಕ್ಸಿಲರೇಟರ್ ಒತ್ತಿಸಿ, ಯಂತ್ರ ನೋಡಿ ತಲೆಯಾಡಿಸಿದರು. ಒಳಗೆ ಎರಡು ಬೆಂಚಿನ ಮೇಲೆ ಕೂತಿದ್ದ ಇಪ್ಪತ್ತು ಜನ ಕತ್ತು ಹೊರಗೆ ಹಾಕಿ ನೋಡಿದರು. ಮಾರ್ಚ್ ಐದಕ್ಕೆ ಗಾಡಿಯನ್ನು ತಪಾಸಣೆ ಕೇಂದ್ರಕ್ಕೆ ತರಬೇಕಂತೆ. ಅಲ್ಲೂ ಸೋತರೆ ಪರವಾನಗಿ ರದ್ದು. ಇಷ್ಟು ಹಳೆಯ ಗಾಡಿಗೆ ಇನ್ನೊಂದು ಸಲ ಪರವಾನಗಿ ಸಿಗುವುದಿಲ್ಲ, ಗುಜರಿಯೇ ಗತಿ.

ಈ ಗಾಡಿಯನ್ನು ನಾನೂ ಅಣ್ಣ ಕ್ರಿಸ್ಪುಲೊನೂ ಹದಿನಾಲ್ಕು ವರ್ಷದ ಹಿಂದೆ ಸೇರಿ ಕೊಂಡದ್ದು. ಹಣೆಯ ಮೇಲೆ ‘ಅಣ್ಣ-ತಮ್ಮ’ ಎಂದು ಬಣ್ಣದಲ್ಲಿ ಬರೆದದ್ದೂ ಅವನೇ. ದಿನ ಬಿಟ್ಟು ದಿನ ಓಡಿಸುತ್ತಿದ್ದೆವು. ಎರಡು ವರ್ಷದ ಹಿಂದೆ ಅವನ ಎದೆ ಬಡಿತ ನಿಂತಿತು. ಅವನ ದಿನಗಳಲ್ಲಿ ಸ್ಟೇರಿಂಗ್ ಹಿಡಿದವಳು ಅತ್ತಿಗೆ ಟಿವಾ. ಸೋಮ, ಬುಧ, ಶುಕ್ರ ನನ್ನದು. ಮಂಗಳ, ಗುರು, ಶನಿ ಅವಳದು. ಅವಳಿಗೆ ಅರವತ್ತೊಂದು. ಅಣ್ಣನ ಪಕ್ಕದಲ್ಲಿ ಕೂತು ಚಿಲ್ಲರೆ ಇಸಿದುಕೊಳ್ಳುತ್ತಿದ್ದವಳು, ಈಗ ಡ್ರೈವರು.

ಮೂವತ್ತು ವರ್ಷದಿಂದ ಈ ಬಾಗಿಯೊ ಊರಿನ ಗುಡ್ಡ ಹತ್ತಿ ಇಳಿಯುತ್ತಿದ್ದೇನೆ. ಅಣ್ಣ ಇದ್ದಾಗ ಒಂದು ಚೀಟಿಯೂ ಬಂದಿರಲಿಲ್ಲ. ಈಗ ಎರಡು. ಯಾರ ಕಾಲಿನಿಂದ ಎಂಜಿನ್ ಹಾಳಾಗುತ್ತಿದೆ ಎಂದು ಹೇಳಲು ಜೋಯಿಸನೇ ಬೇಕಾಗಿಲ್ಲ.

ಇದನ್ನೇ ಮನೆಯಲ್ಲಿ ಹೇಳಿದೆ, ಸ್ವಲ್ಪ ಗಟ್ಟಿಯಾಗಿ. ಹೆಂಡತಿ ಲಿಂಡಾಯ್ ಕೋಳಿಯ ಮೇವಿನ ಅಂಗಡಿಯವರು ಕೊಟ್ಟಿದ್ದ ನೋಟ್‌ಬುಕ್ಕನ್ನು ಮೇಜಿನ ಮೇಲೆ ಎಸೆದು, “ನನ್ಮೇಲೆ ಕೂಗಾಡ್ಬೇಡ. ಕೂಗೋದನ್ನೆಲ್ಲ ಇದ್ರಲ್ಲಿ ಬರಿ, ನಂಗೂ ನಿದ್ದೆ ಬರುತ್ತೆ” ಎಂದಳು. ಅದಕ್ಕೇ ಬರೆಯುತ್ತಿದ್ದೇನೆ.

ಫೆಬ್ರವರಿ 5, ಬುಧವಾರ

ಬೆಳಿಗ್ಗೆ ಅಪೊ ಡೆಮೆ, ಅಂದರೆ ಡೆಮೆ ಅಜ್ಜ, ಹತ್ತಿದ. ಮಾರುಕಟ್ಟೆ ಹತ್ತಿರ ನೋವಿದ್ದವರ ಮೈ ನೀವಿ ಕೊಡುವ ಮುದುಕ, ಎರಡು ಕಣ್ಣೂ ಇಲ್ಲ. ದಿನವೂ ಇದೇ ಗಾಡಿ. ನಾನು ಬಾಯಿ ಬಿಡುವ ಮೊದಲೇ, ಕ್ಲಚ್ಚು ಬಿಟ್ಟು ಗಾಡಿ ನೆಗೆದ ಕೂಡಲೇ, “ಓಹೋ, ಇವತ್ತು ಪಿಡಿಯೊನ ದಿನ. ಎರಡೂ ಕೈಲಿ ಹಿಡ್ಕೊಳ್ರಪ್ಪ” ಎಂದ. ಗಾಡಿಯೆಲ್ಲ ನಕ್ಕಿತು. ನಾನೂ ನಕ್ಕೆ. ಬಿರುಸು ಇಲ್ಲದ ಡ್ರೈವರ್‌ಗೆ ಈ ಊರಿನಲ್ಲಿ ಜನ ಹತ್ತುವುದಿಲ್ಲ.

ಸಂಜೆ ಬಂಕಿನಲ್ಲಿ ಟ್ಯಾಂಕು ತುಂಬಿಸಿದೆ. ನಮ್ಮಲ್ಲಿ ಅಣ್ಣನ ಕಾಲದಿಂದ ಒಂದೇ ಕಟ್ಟಳೆ: ಯಾರ ದಿನವೋ ಅವರು ಸಂಜೆ ಕತ್ತಿನ ತನಕ ತುಂಬಿಸಿ ಕೀಲಿ ಕೊಡಬೇಕು. ಪಂಪಿನ ಹುಡುಗಿ ಹಲ್ಲು ಕಿರಿದಳು. “ಮನೋಂಗ್, ನಿಮ್ಮ ದಿನ ಇಪ್ಪತ್ನಾಕು ಲೀಟರ್ ಕುಡಿಯುತ್ತೆ. ಮನಾಂಗ್ ದಿನ ಹದಿನಾರು. ಅವ್ರು ಅರ್ಧ ದಿನ ಮಲಗ್ತಾರಾ?” ಮನೋಂಗ್ ಅಂದರೆ ಅಣ್ಣ, ನನಗೆ; ಮನಾಂಗ್ ಅಂದರೆ ಅಕ್ಕ, ಅತ್ತಿಗೆಗೆ.

ನನಗೂ ಅದೇ ಅನುಮಾನ. ಹದಿನಾರು ಲೀಟರಿನಲ್ಲಿ ಒಂಬತ್ತು ಸುತ್ತು ಹೇಗೆ ಆದೀತು? ಕಡಿಮೆ ಸುತ್ತು ಹೊಡೆದು ನೆರಳಲ್ಲಿ ನಿಲ್ಲಿಸುತ್ತಿದ್ದಾಳೆ. ಎಂಜಿನ್ ಎಳೆಯದೆ ನಿಂತೂ ನಿಂತೂ ಮಸಿ ಹಿಡಿದು ಹೊಗೆ ಬರುತ್ತಿದೆ. ನಾಳೆ ಕಣ್ಣಾರೆ ಹಿಡಿಯುತ್ತೇನೆ.

ಫೆಬ್ರವರಿ 6, ಗುರುವಾರ

ಟೋಪಿಯ ಜಾಕೆಟ್ಟು ಹಾಕಿ ಮುಖ ಮುಚ್ಚಿಕೊಂಡು ಹಿಂದಿನ ಬಾಗಿಲ ಬಳಿ ಕೂತೆ. ಸಂಜೆಯ ತನಕ ಇಳಿಯಲಿಲ್ಲ. ಎಣಿಸಿದೆ. ಒಂಬತ್ತು ಸುತ್ತು. ನನ್ನಷ್ಟೇ. ಜನವೂ ನನ್ನಷ್ಟೇ.

ಕಂಡದ್ದನ್ನು ಕಂಡಂತೆ ಬರೆಯುತ್ತೇನೆ, ಯಾರೂ ಓದುವುದಿಲ್ಲವಲ್ಲ. ಅವಳು ಎಲ್ಲೂ ಗಕ್ಕನೆ ನಿಲ್ಲಿಸಲಿಲ್ಲ. ದೂರದಲ್ಲಿ ಗಾಡಿಗಳು ಕಟ್ಟಿಕೊಂಡಿದ್ದು ಕಂಡರೆ ಅಷ್ಟು ದೂರದಿಂದಲೇ ಕಾಲು ತೆಗೆಯುತ್ತಾಳೆ. ನಾವು ಅಲ್ಲಿಗೆ ಮುಟ್ಟುವಷ್ಟರಲ್ಲಿ ದಾರಿ ಬಿಟ್ಟಿರುತ್ತದೆ. ನಿಲ್ದಾಣದಲ್ಲಿ ಜನ ತುಂಬುವ ತನಕ ಎಂಜಿನ್ ಆರಿಸುತ್ತಾಳೆ. ನಾವೆಲ್ಲ ಗುರ್ರ್ ಗುರ್ರ್ ಎನ್ನಿಸುತ್ತ ನಿಲ್ಲುವುದು ರೂಢಿ, ಈಗಲೇ ಹೊರಡುತ್ತೇನೆ ಎಂದು ಜನ ನಂಬಲಿ ಅಂತ. ಎದುರಿಗೆ ಕೂತ ಹೆಂಗಸು ಮಡಿಲಲ್ಲಿ ಮೊಟ್ಟೆಯ ಟ್ರೇ ಇಟ್ಟುಕೊಂಡು ಗೊರಕೆ ಹೊಡೆದಳು.

ಒಂದು ತಪ್ಪು ಮಾತ್ರ ಸಿಕ್ಕಿತು. ಎಮ್ಮೆ ತಿರುವಿನಿಂದ ಕೆಳಗೆ ಒಂದೂವರೆ ಮೈಲಿ ಇಳಿಜಾರು. ಅಲ್ಲಿ ನಾವು ಡ್ರೈವರುಗಳು ನ್ಯೂಟ್ರಲ್ ಹಾಕಿ ಗಾಡಿಯನ್ನು ಬಿಟ್ಟಿ ಉರುಳಿಸುತ್ತೇವೆ. ಡೀಸೆಲ್ ಉಳಿಸುವ ಮೊದಲ ಪಾಠವೇ ಅದು. ಇವಳು ಮೂರನೇ ಗೇರಿನಲ್ಲೇ ಇಳಿದಳು, ಎಂಜಿನ್ ಸುಮ್ಮನೆ ಗುಂಯ್ ಎನ್ನುತ್ತಿತ್ತು. ಅಷ್ಟೂ ಡೀಸೆಲ್ ದಂಡ.

ಇಳಿದು ಜಾರಿಕೊಳ್ಳುತ್ತಿದ್ದೆ. ಕನ್ನಡಿಯಲ್ಲಿ ನೋಡುತ್ತಲೇ ಹೇಳಿದಳು: “ಅಡಿಂಗ್, ಜಾಕೆಟ್ಟು ಒಗೆಯೋಕೆ ಹಾಕು. ಬೆಳಿಗ್ಗೆಯಿಂದ ಅದನ್ನೇ ನೋಡ್ತಾ ಇದೀನಿ.”

ಅಣ್ಣನಿಗೆ ನಾನು ಅಡಿಂಗ್, ಕಿರಿಯ. ಐವತ್ತು ದಾಟಿದರೂ ಇವಳಿಗೂ ಅಡಿಂಗ್.

ಫೆಬ್ರವರಿ 7, ಶುಕ್ರವಾರ

ಇಪ್ಪತ್ತೈದು ಲೀಟರ್. ಇದೇ ದಾರಿಯ ಇನ್ನೊಬ್ಬ ಡ್ರೈವರು ಬೊಲೆಟ್‌ನ ಗಾಡಿಯನ್ನು ಎಮ್ಮೆ ತಿರುವಿನಲ್ಲಿ ಎರಡು ಸಲ ಹಿಂದೆ ಹಾಕಿದೆ. ಮನಸ್ಸಿಗೆ ಸಮಾಧಾನವಿಲ್ಲ.

ಫೆಬ್ರವರಿ 9, ಭಾನುವಾರ

ಇಗರ್ಜಿಯ ಪೂಜೆ ಮುಗಿಸಿ ಬಂದು ಇಬ್ಬರೂ ಗಾಡಿ ತೊಳೆದೆವು. ನಾನು ಗೇರಿನ ಮಾತು ಎತ್ತಿದೆ.

“ಮನಾಂಗ್, ಇಳಿಜಾರಲ್ಲಿ ನ್ಯೂಟ್ರಲ್ ಹಾಕಿದ್ರೆ ನಿಮ್ಮ ಹದಿನಾರೂ ಹದಿನಾಲ್ಕಾಗುತ್ತೆ. ಅಣ್ಣ ಇಷ್ಟೂ ಹೇಳ್ಕೊಡ್ಲಿಲ್ವಾ?”

“ಗೇರು ತೆಗೀಬೇಡ ಅಂತ ಹೇಳ್ಕೊಟ್ಟೋನೇ ನಿಮ್ಮಣ್ಣ.”

“ಗೇರಲ್ಲಿದ್ರೆ ಎಂಜಿನ್ ಜೋರಾಗಿ ತಿರುಗುತ್ತೆ. ಜೋರಾಗಿ ತಿರುಗಿದ್ರೆ ಜಾಸ್ತಿ ಕುಡಿಯುತ್ತೆ. ಇದಕ್ಕೇನು ಓದಬೇಕಾ?”

“ಓದಿರೋರು ಯಾರಿದಾರೆ ಇಲ್ಲಿ? ನೋಡೋಣ ಬಿಡು” ಎಂದಳು. ಪಕ್ಕದ ಶೆಡ್ಡಿನ ಮೆಕ್ಯಾನಿಕ್ ಸಿಯಾನೊ ಎಲ್ಲ ಕೇಳಿಸಿಕೊಂಡು ಎದ್ದು ಬಂದ. ಟ್ಯಾಂಕಿನ ಪೈಪು ಬಿಚ್ಚಿ ಗಾಜಿನ ಬಾಟಲಿಗೆ ಜೋಡಿಸಿ ಕೊಡುತ್ತಾನಂತೆ. ಗಾಡಿ ಬಾಟಲಿಯಿಂದಲೇ ಡೀಸೆಲ್ ಕುಡಿಯುತ್ತದೆ, ಉಳಿದದ್ದು ಬಾಟಲಿಗೇ ವಾಪಸ್ ಬರುತ್ತದೆ. ಕಣ್ಣೆದುರಿಗೇ ಲೆಕ್ಕ. ಮುಂದಿನ ಭಾನುವಾರ ಎಂದು ಮಾತಾಯಿತು. ಸೋತವರು ಒಂದು ತಿಂಗಳು ಗಾಡಿ ತೊಳೆಯಬೇಕು.

ಫೆಬ್ರವರಿ 12, ಬುಧವಾರ

ಯಾರಿಗೂ ಹೇಳದ್ದನ್ನು ಬರೆಯುತ್ತೇನೆ. ಬರೆದರೆ ಎದೆ ಹಗುರಾದೀತು.

ಅಣ್ಣ ಹೋದ ಮೂರು ತಿಂಗಳಿಗೆ, ತುಂಬಿದ ಗಾಡಿಯಲ್ಲಿ ಏರು ಹತ್ತುವಾಗ ಬೊಲೆಟ್ ನನ್ನನ್ನು ಹಿಂದೆ ಹಾಕಿ, ಕಿಟಕಿಯಿಂದ ಕೈ ಬೀಸಿದ. ಅವತ್ತೇ ಸಂಜೆ ಸಿಯಾನೊಗೆ ಹೇಳಿ ಡೀಸೆಲ್ ಪಂಪಿನ ತಿರುಪನ್ನು ಒಂದೂವರೆ ಸುತ್ತು ತೆರೆಸಿದೆ. ಎಂಜಿನ್‌ಗೆ ಹೆಚ್ಚು ಡೀಸೆಲ್ ಹೋಗುತ್ತದೆ, ಗಾಡಿ ಹೋರಿಯ ಹಾಗೆ ಹತ್ತುತ್ತದೆ. ಹಿಂದೆ ಒಂದಿಷ್ಟು ಕಪ್ಪು ಬರುತ್ತದೆ. ಗುಡ್ಡದ ಡ್ರೈವರುಗಳೆಲ್ಲ ಮಾಡಿಸುವುದೇ. ಹೊಗೆ ಬಂತು ಅಂದರೆ ಶಕ್ತಿ ಬಂತು ಅನ್ನುತ್ತೇವೆ.

ಅತ್ತಿಗೆಗೆ ಹೇಳಲಿಲ್ಲ. ಎರಡು ಚೀಟಿಯೂ ಅದಾದ ಮೇಲೆ ಬಂದವು. ಆದರೆ ಒಂದು ಮಾತು ಮಾತ್ರ ತಲೆಗೆ ಹೋಗುತ್ತಿಲ್ಲ. ತೆರೆದ ತಿರುಪು ಇಬ್ಬರಿಗೂ ಒಂದೇ. ಎಂಜಿನ್ನೂ ಒಂದೇ, ದಾರಿಯೂ ಒಂದೇ. ಎರಡು ಚೀಟಿಯೂ ಏಕೆ ನನ್ನ ದಿನವೇ ಬರಬೇಕು?

ಫೆಬ್ರವರಿ 16, ಭಾನುವಾರ

ಇವತ್ತು ಕಂಡದ್ದನ್ನು ಹೇಗೆ ಬರೆಯಲಿ ತಿಳಿಯದು. ಮೂವತ್ತು ವರ್ಷ ಡೀಸೆಲ್ ಸುಟ್ಟವನು ಡೀಸೆಲ್ಲನ್ನು ಇವತ್ತೇ ಮೊದಲು ನೋಡಿದೆ.

ಸಿಯಾನೊ ಬಾಟಲಿಯ ಮೇಲೆ ಲಿಂಡಾಯಳ ಉಗುರು ಬಣ್ಣದಿಂದ ಗೆರೆ ಎಳೆದ. ಹಿಂದೆ ಬೆಂಚಿನ ಮೇಲೆ ಮರಳು ಚೀಲ ಹೇರಿದೆವು, ಇಪ್ಪತ್ತು ಜನರ ಭಾರ ಬರಲಿ ಅಂತ. ಸಿಯಾನೊ ಮುಂದಿನ ಸೀಟಿನಲ್ಲಿ ಬಾಟಲಿಯನ್ನು ತೊಡೆಯ ನಡುವೆ ಹಿಡಿದು ಕೂತ.

ಮೊದಲು ನಾನು. ಕಾಲು ಒತ್ತಿದೆ, ಡೀಸೆಲ್ ಇಳಿಯಿತು. ಲೆಕ್ಕ ಹಾಕಿ ಕಂಡುಹಿಡಿಯಬೇಕಾಗಿರಲಿಲ್ಲ, ಕಣ್ಣಿಗೆ ಕಾಣುವ ಹಾಗೆ ಇಳಿಯಿತು. ಬಾಯಾರಿದ ಮಗು ಎಳನೀರು ಹೀರಿದ ಹಾಗೆ. ಕಾಲು ತೆಗೆದರೆ ನಿಂತಿತು. ಮತ್ತೆ ಒತ್ತಿದರೆ ಮತ್ತೆ ಇಳಿಯಿತು. ನನ್ನ ಪಾದದ ಒಂದೊಂದು ಸಿಟ್ಟೂ ಆ ಗಾಜಿನೊಳಗೆ ಕಾಣುತ್ತಿತ್ತು. ನಾಯಿ ಅಡ್ಡ ಬಂದಾಗ ಬ್ರೇಕ್ ಒತ್ತಿ, ಆಮೇಲೆ ರೋಷದಿಂದ ಎಳೆದೆ. ಅಷ್ಟಕ್ಕೇ ಅರ್ಧ ಗೆರೆ. ಎಮ್ಮೆ ತಿರುವಿನಿಂದ ನ್ಯೂಟ್ರಲ್ ಹಾಕಿ ಉರುಳಿಸಿದೆ. ಸ್ವಲ್ಪ ಸ್ವಲ್ಪ ಇಳಿಯುತ್ತಲೇ ಇತ್ತು. ಕೆಳಗೆ ಮುಟ್ಟುವಾಗ ಒಂದು ಗೆರೆ ಹೋಗಿತ್ತು, ಬ್ರೇಕು ಸುಟ್ಟ ವಾಸನೆ ಬಂದಿತ್ತು. “ನೋಡಿ, ಇಷ್ಟೇ” ಎಂದು ಬೀಗಿದೆ.

ಆಮೇಲೆ ಅತ್ತಿಗೆ. ಚಪ್ಪಲಿ ಬಿಟ್ಟು ಸೀಟಿನ ಕೆಳಗೆ ತಳ್ಳಿ ಬರಿಗಾಲಲ್ಲಿ ಕೂತಳು. ಅಣ್ಣನೂ ಹಾಗೆಯೇ ಕೂರುತ್ತಿದ್ದ. ನಾನು ಅದನ್ನು ಮರೆತೇಬಿಟ್ಟಿದ್ದೆ. ತಿರುವಿಗೆ ಬಂದಾಗ ಮೂರನೇ ಗೇರಿನಲ್ಲೇ ಕಾಲು ಪೂರ್ತಿ ತೆಗೆದಳು. ಗಾಡಿ ಇಳಿಯತೊಡಗಿತು. ಎಂಜಿನ್ ಗುಂಯ್ ಎನ್ನುತ್ತ ತಿರುಗುತ್ತಿತ್ತು. ನಾನು ಬಾಟಲಿ ನೋಡುತ್ತಿದ್ದೆ.

ಇಳಿಯಲಿಲ್ಲ.

ಸಿಯಾನೊ ಬಾಟಲಿಯನ್ನು ಬೆರಳಿನಿಂದ ತಟ್ಟಿದ. ಇಳಿಯಲಿಲ್ಲ. ಮರಳು ಚೀಲ ಹೊತ್ತ ಗಾಡಿ, ಕೂಗುವ ಎಂಜಿನ್, ತಿರುಗುವ ಚಕ್ರ, ಒಂದೂವರೆ ಮೈಲಿ, ಒಂದು ತೊಟ್ಟೂ ಕುಡಿಯಲಿಲ್ಲ. ಗುಡ್ಡವೇ ಚಕ್ರವನ್ನು ತಿರುಗಿಸುತ್ತಿತ್ತು, ಚಕ್ರ ಎಂಜಿನ್ನನ್ನು ತಿರುಗಿಸುತ್ತಿತ್ತು. ನ್ಯೂಟ್ರಲ್ ಹಾಕಿದರೆ ಪಾಪ ಎಂಜಿನ್ ತಾನು ಆರಿಹೋಗದಿರಲೆಂದು ಗುಟುಕು ಗುಟುಕಾಗಿ ಕುಡಿಯಬೇಕು, ಗೇರಿನಲ್ಲಿದ್ದರೆ ಗುಡ್ಡವೇ ಸಾಕುತ್ತದೆ. ನಾನು ನಂಬಲಿಲ್ಲ. ಮತ್ತೆ ಮೇಲೆ ಹೋಗಿ ಇಳಿದೆವು. ಮೂರನೇ ಸಲ ನಾನೇ ಬಾಟಲಿ ಹಿಡಿದೆ. ಗಾಜು ಬಿಸಿಲಲ್ಲಿ ಹೊಳೆಯುತ್ತಿತ್ತು, ಡೀಸೆಲ್ ಅಲುಗಾಡುತ್ತಿತ್ತು, ಗೆರೆ ಬಿಟ್ಟು ಇಳಿಯಲಿಲ್ಲ. ಇಗರ್ಜಿಯಲ್ಲಿ ಮಂಡಿ ಊರುವಾಗಲೂ ನನ್ನ ಎದೆ ಹಾಗೆ ಹೊಡೆದುಕೊಂಡಿಲ್ಲ. ಇಂಥ ದೊಡ್ಡ ಸಂಗತಿ ದಿನಕ್ಕೆ ಒಂಬತ್ತು ಸಲ ನನ್ನ ಕಾಲ ಕೆಳಗೇ ನಡೆಯಬಹುದಿತ್ತು, ನಾನು ಪ್ರತಿ ಸಲವೂ ಗೇರು ತೆಗೆದು ಅದನ್ನು ಓಡಿಸಿಬಿಡುತ್ತಿದ್ದೆ.

ಏರಿನಲ್ಲಿಯೂ ಅತ್ತಿಗೆ ನನಗಿಂತ ಮೂರು ಗೆರೆ ಕಡಿಮೆ ಸುಟ್ಟರು. ಸಿಯಾನೊ ಇಬ್ಬರ ಸರದಿಯಲ್ಲೂ ಸೈಲೆನ್ಸರಿಗೆ ಕಟ್ಟಿದ್ದ ಬಿಳಿ ಬಟ್ಟೆಗಳನ್ನು ಬಿಚ್ಚಿ ಪಕ್ಕಪಕ್ಕ ಹಾಸಿದ. ನನ್ನದು ಬಾಣಲೆಯ ತಳ, ಅವರದು ಬೂದುಬಣ್ಣ.

“ಹೇಗೆ ಮನಾಂಗ್?” ಎಂದೆ.

“ನಂಗೇನು ಗೊತ್ತೋ? ನಿಮ್ಮಣ್ಣ ಹೇಳ್ತಿದ್ದ, ಮುಂದಿನ ಗಾಡಿ ನೋಡ್ಬೇಡ, ಅದರ ಮುಂದಿನ ಮೂರನೇದು ನೋಡು ಅಂತ. ಅದನ್ನೇ ನೋಡ್ತೀನಿ.”

“ನಂಗೆ ಯಾಕೆ ಹೇಳ್ಲಿಲ್ಲ ಅವನು?”

“ಹೇಳ್ದ. ನೀನು ಹಾರ್ನ್ ಹೊಡೀತಿದ್ದೆ.”

ಫೆಬ್ರವರಿ 17, ಸೋಮವಾರ

ಪ್ರಯತ್ನಪಟ್ಟೆ. ಆಗಲಿಲ್ಲ. ಕಣ್ಣು ಮೂರನೇ ಗಾಡಿ ನೋಡಿದರೆ ಕಾಲು ಮೊದಲನೇ ಗಾಡಿಯ ಬೆನ್ನು ಹತ್ತುತ್ತದೆ. ಬೊಲೆಟ್ ಪಕ್ಕದಲ್ಲಿ ಬಂದು, “ಏನ್ ಪಿಡಿಯೊ, ಹೆಣ ಸಾಗಿಸ್ತಾ ಇದೀಯಾ?” ಎಂದು ಕೂಗಿದ. ತಡೆಯಲಾರದೆ ಎಳೆದುಬಿಟ್ಟೆ. ಇಪ್ಪತ್ಮೂರು ಲೀಟರ್. ಸಂಜೆ ಗಾಡಿ ತೊಳೆದೆ, ಪಂದ್ಯದ ಪ್ರಕಾರ.

ಫೆಬ್ರವರಿ 19, ಬುಧವಾರ

ನಿಲ್ದಾಣದಲ್ಲಿ ಎಂಜಿನ್ ಆರಿಸಿ ಕೂತೆ. ನಿಶ್ಶಬ್ದವಾದ ಕೂಡಲೇ ಹಿಂದೆ ಕೂತವರ ಮಾತು ಕೇಳಿಸಿತು. ಒಬ್ಬಳು ಹೂವಿನ ಹಬ್ಬಕ್ಕೆ ಮಗಳು ಕುಣಿಯುತ್ತಾಳೆ ಎನ್ನುತ್ತಿದ್ದಳು, ಇನ್ನೊಬ್ಬ ಕೋಸಿನ ದರ ಹೇಳುತ್ತಿದ್ದ. ಮೂವತ್ತು ವರ್ಷ ಇವರನ್ನೆಲ್ಲ ಹೊತ್ತಿದ್ದೇನೆ, ಇವರ ದನಿ ಇವತ್ತು ಕೇಳಿದೆ. ಇಪ್ಪತ್ತೊಂದು ಲೀಟರ್.

ಅಪೊ ಡೆಮೆ ಇವತ್ತು ಹತ್ತುತ್ತ ಏನೂ ಹೇಳಲಿಲ್ಲ. ನೆಗಡಿಯಂತೆ.

ಫೆಬ್ರವರಿ 21, ಶುಕ್ರವಾರ

ತಪಾಸಣೆಗೆ ಹನ್ನೆರಡು ದಿನ. ಕಾಲು ಎಷ್ಟು ಮೆದುವಾದರೂ ತಿರುಪು ತೆರೆದಿರುವ ತನಕ ಆ ಯಂತ್ರದೆದುರು ಸೋಲುತ್ತೇವೆ, ಅಲ್ಲಿ ಪೂರ್ತಿ ಒತ್ತಿಸುತ್ತಾರೆ. ಕೀಲಿ ಕೊಡಲು ಹೋದಾಗ ಅತ್ತಿಗೆ ಅಣ್ಣನ ಫೋಟೊದ ಮುಂದೆ ಕೂತು ಹುರುಳಿಕಾಯಿ ಬಿಡಿಸುತ್ತಿದ್ದರು. ನಿಂತೇ ಹೇಳಿದೆ.

“ಮನಾಂಗ್, ಪಂಪಿನ ತಿರುಪು ತೆರೆಸಿದ್ದು ನಾನು. ಅಣ್ಣ ಹೋದ್ಮೇಲೆ. ಹೊಗೆ ಅದ್ರಿಂದಾನೇ.”

“ಗೊತ್ತು.”

“ಯಾವಾಗಿಂದ?”

“ಮಾರನೇ ದಿನದಿಂದ. ಮುಟ್ಟಿದ್ರೆ ಹಾರುತ್ತಲ್ಲ ಗಾಡಿ, ಕಾಲಿಗೆ ಗೊತ್ತಾಗಲ್ವಾ?”

“ಮತ್ತೆ ಕೇಳ್ಲಿಲ್ಲ?”

“ಕೇಳಿದ್ರೆ ನೀನು ಇನ್ನೂ ಅರ್ಧ ಸುತ್ತು ತೆರೆಸ್ತಿದ್ದೆ” ಎಂದು ಹುರುಳಿಕಾಯಿಯ ಬುಟ್ಟಿಯನ್ನು ನನ್ನ ಕಡೆ ತಳ್ಳಿದರು. ಇಬ್ಬರೂ ಬಿಡಿಸಿದೆವು. ನಾನು ಊರೆಲ್ಲ ಅವರ ಕಾಲನ್ನು ದೂರಿದ್ದು ಅವರ ಕಿವಿಗೂ ಬಿದ್ದಿರಬೇಕು. ಆ ಮಾತು ಅವರು ತೆಗೆಯಲಿಲ್ಲ. ನನಗೆ ಅಲ್ಲಿ ಕೂರಲು ನಾಚಿಕೆಯಾಯಿತು, ಆದರೂ ಬುಟ್ಟಿ ಮುಗಿಯುವ ತನಕ ಕೂತೆ.

ಫೆಬ್ರವರಿ 24, ಸೋಮವಾರ

ನಿನ್ನೆ ಸಿಯಾನೊ ತಿರುಪನ್ನು ಹಳೆಯ ಗುರುತಿಗೆ ತಂದ. ನಾಜಲ್ಲು ತೊಳೆದು, ಗಾಳಿಯ ಫಿಲ್ಟರು ಬದಲಿಸಿದ.

ಇವತ್ತು ತುಂಬಿದ ಗಾಡಿಯಲ್ಲಿ ಎಮ್ಮೆ ತಿರುವಿನ ಏರಿಗೆ ಬಂದಾಗ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದೆ. ಹೋರಿ ಹೋಗಿ ಮುದಿ ಎತ್ತು ಸಿಕ್ಕಿದೆ. ಇಲ್ಲೇ ನಿಂತರೆ ಇಪ್ಪತ್ತು ಜನರನ್ನು ಇಳಿಸಿ ತಳ್ಳಿಸಬೇಕು. ಬೇಗನೇ ಎರಡನೇ ಗೇರಿಗೆ ಬಂದು, ಕಾಲನ್ನು ಒಂದೇ ಕಡೆ ಇಟ್ಟು, ಅಲುಗಿಸಲಿಲ್ಲ. ಗಾಡಿ ನಿಧಾನವಾಗಿ, ಒಂದೇ ದನಿಯಲ್ಲಿ ಹತ್ತಿತು. ಬೊಲೆಟ್ ಹಿಂದೆ ಹಾಕಿ ಹೋದ. ಅವನು ಬಿಟ್ಟ ಕಪ್ಪು ಮೋಡದೊಳಗೆ ನಾವೆಲ್ಲ ಮೂಗು ಮುಚ್ಚಿಕೊಂಡು ಕೂತೆವು. ಹಿಂದೆ ಬರುವವರಿಗೆ ನಾನು ಇಷ್ಟು ದಿನ ಬಡಿಸಿದ್ದು ಇದನ್ನೇ. ಪೇಟೆಯ ಸಿಗ್ನಲ್ಲಿನಲ್ಲಿ ಬೊಲೆಟ್ ನಮ್ಮ ಮುಂದೆಯೇ ನಿಂತಿದ್ದ, ಒಂದೇ ಒಂದು ಗಾಡಿಯಷ್ಟು ಮುಂದೆ.

ಮಧ್ಯಾಹ್ನ ತಿರುವಿನ ಮೇಲೆ ನಿಲ್ಲಿಸಿ ಊಟದ ಬುತ್ತಿ ಬಿಚ್ಚಿದೆ. ಕೆಳಗೆ ಊರಿನ ಮೇಲೆ ಕಂದು ಬಣ್ಣದ ತೆಳು ಪರದೆ ಕಟ್ಟಿತ್ತು. ಹಬ್ಬದ ಹೂವಿನ ತೇರುಗಳು, ಇಗರ್ಜಿಯ ಎರಡು ಗೋಪುರ, ಎಲ್ಲ ಅದರ ಹಿಂದೆ. ಅದು ಮಂಜು ಎಂದೇ ಇಷ್ಟು ವರ್ಷ ತಿಳಿದಿದ್ದೆ, ಹೊಗೆ ಎಂದು ಇವತ್ತು ಕಂಡೆ. ನನ್ನ ಪಾದವೂ ಅದರಲ್ಲಿ ಒಂದೆಳೆ ನೇಯ್ದಿದೆ. ಇಷ್ಟು ಚಿಕ್ಕ ಪಾದ ಅಷ್ಟು ಎತ್ತರ ಮುಟ್ಟುತ್ತದೆ ಎಂದರೆ ಹೆದರಿಕೆಯೂ ಆಯಿತು, ಬೆರಗೂ ಆಯಿತು. ಅನ್ನ ತಣ್ಣಗಾಯಿತು.

ಹದಿನೇಳೂವರೆ ಲೀಟರ್. ಪಂಪಿನ ಹುಡುಗಿ ಮೀಟರನ್ನು ಎರಡು ಸಲ ನೋಡಿದಳು.

ಫೆಬ್ರವರಿ 28, ಶುಕ್ರವಾರ

ಲಿಂಡಾಯ್ ಮಾರುಕಟ್ಟೆಗೆ ನನ್ನ ಜೊತೆ ಬಂದಳು. ಮುಂದಿನ ಸೀಟಿನಲ್ಲಿ ಕೂತು, ಎಮ್ಮೆ ತಿರುವು ದಾಟುವ ಮೊದಲೇ ನಿದ್ದೆಹೋದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳು ನನ್ನ ಗಾಡಿಯಲ್ಲಿ ಕಣ್ಣು ಮುಚ್ಚಿದ್ದು ಕಂಡಿಲ್ಲ. ಯಾವಾಗಲೂ ಸರಳು ಹಿಡಿದು ಜಪ ಮಾಡುತ್ತ ಕೂರುವವಳು. ರಕ್ತ ಕಡಿಮೆಯಾಗಿರಬೇಕು. ಡಾಕ್ಟರಿಗೆ ತೋರಿಸು ಎಂದರೆ ನಗುತ್ತಾಳೆ.

ಮಾರ್ಚ್ 4, ಮಂಗಳವಾರ

ನಾಳೆ. ಬೆಳಗಾದರೆ ತಪಾಸಣೆ. ಗಾಡಿಯ ಹಣೆಯ ಮೇಲಿನ ಅಣ್ಣನ ಅಕ್ಷರವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬಂದೆ. ಗುಜರಿಯವರು ಮೊದಲು ತಗಡು ಬಿಚ್ಚುತ್ತಾರಂತೆ.

ಮಾರ್ಚ್ 5, ಬೂದಿ ಬುಧವಾರ

ಬೆಳಿಗ್ಗೆ ಇಗರ್ಜಿಗೆ ಹೋಗಿ ಹಣೆಗೆ ಬೂದಿ ಇಡಿಸಿಕೊಂಡು ಅಲ್ಲಿಂದಲೇ ಹೋದೆವು. ತಪಾಸಣೆಯ ಅಧಿಕಾರಿಯ ಹಣೆಯಲ್ಲೂ ಬೂದಿಯ ಶಿಲುಬೆ. ನಾನು ಕೀಲಿಯನ್ನು ಅತ್ತಿಗೆಗೆ ಕೊಡಲು ಹೋದೆ. ಈ ಗಾಡಿ ಅವರ ಕಾಲಿಗೆ ಒಗ್ಗಿದೆ.

“ಇಲ್ಲಿ ಪೂರ್ತಿ ಒತ್ತಬೇಕು ಅಡಿಂಗ್. ಅದು ನಿಂಗೇ ಚೆನ್ನಾಗಿ ಬರೋದು” ಎಂದರು. ಅಧಿಕಾರಿಯೂ ನಕ್ಕ.

ಮೂರು ಸಲ ಒತ್ತಿಸಿದ. ಒತ್ತುವಾಗ ಬಾಟಲಿ ಕಣ್ಣ ಮುಂದೆ ಬಂತು, ಅಷ್ಟೂ ಡೀಸೆಲ್ ಕಾರಣವಿಲ್ಲದೆ ಹೋಗುತ್ತಿದೆ ಎಂದು ಹೊಟ್ಟೆ ಉರಿಯಿತು. ಯಂತ್ರ ಚೀಟಿ ಉಗುಳಿತು. ಅವನು ಓದಿದ, ಯಂತ್ರಕ್ಕೆ ಒಂದು ತಟ್ಟು ಕೊಟ್ಟ, ಇನ್ನೊಂದು ಸಲ ಒತ್ತು ಎಂದ. ಆಮೇಲೆ ಸೀಲು ಹೊಡೆದ. ಮಿತಿಯ ಅರ್ಧಕ್ಕಿಂತ ಕೆಳಗೆ. “ಎಂಜಿನ್ ಬದಲಿಸಿದ್ರಾ?” ಎಂದು ಕೇಳಿದ.

“ಇಲ್ಲ ಸಾರ್, ಅದೇ ಹಳೇದು” ಎಂದೆ.

ಅತ್ತಿಗೆ ಸೈಲೆನ್ಸರಿನ ಹತ್ತಿರ ಹೋಗಿ ಒಳಗೆ ಬೆರಳಾಡಿಸಿ ನೋಡಿಕೊಂಡರು. ಹತ್ತಿದ ಮಸಿ ಹಣೆಯ ಬೂದಿಗಿಂತ ತೆಳುವಾಗಿತ್ತು. ಆ ಬೆರಳನ್ನು ಒರೆಸಿಕೊಳ್ಳದೆ ಹಾಗೇ ಹಿಡಿದು ಮನೆಯ ತನಕ ಬಂದರು. ನಾನು ಓಡಿಸಿದೆ. ಒಂದು ಸಲ ಅವರು ಕಣ್ಣೊರೆಸಿಕೊಂಡು, ಕೆನ್ನೆಗೆ ಮಸಿಯಾಯಿತು.

ಮಾರ್ಚ್ 7, ಶುಕ್ರವಾರ

ಹದಿನಾರು ಲೀಟರ್. ಬರೆಯುವಂಥದ್ದೇನೂ ಇಲ್ಲ, ನೋಟ್‌ಬುಕ್ಕೂ ಮುಗಿಯುತ್ತ ಬಂದಿದೆ. ಗಾಡಿ ಓಡುತ್ತಿದೆ, ಇನ್ನು ಕೂಗುವುದಕ್ಕೇನಿದೆ?

ಒಂದು ಸಣ್ಣ ಸಂಗತಿ. ಸಂಜೆ ಅಪೊ ಡೆಮೆ ಹತ್ತಿದ. ಗಾಡಿ ತುಂಬಿತ್ತು, ಅವನ ಚಿಲ್ಲರೆ ಕೈಯಿಂದ ಕೈಗೆ ದಾಟಿ ನನ್ನ ತನಕ ಬಂತು. ಒಂದು ಕೈ ಮಡಿಲಲ್ಲಿ, ಇನ್ನೊಂದು ಕೋಲಿನ ಮೇಲೆ ಇಟ್ಟು, ಸರಳು ಹಿಡಿಯದೆ ಕೂತಿದ್ದ. ಅವನ ಮನೆಯ ತಿರುವು ಬಂದಾಗ ಕೋಲಿನಿಂದ ಛಾವಣಿ ತಟ್ಟಿ ಹೇಳಿದ:

“ಟಿವಾ, ಇಲ್ಲೇ ನಿಲ್ಸವ್ವ. ನಿನ್ನ ಮೈದುನ ನಾಳೆ ಬರ್ತಾನಲ್ಲ, ನಾಳೆ ನಾನು ನಡ್ಕೊಂಡೇ ಹೋಗ್ತೀನಿ.”

ಗಾಡಿಯಲ್ಲಿ ಯಾರೋ ನಗಲು ಹೊರಟರು, ಕನ್ನಡಿಯಲ್ಲಿ ನೋಡಿ ಸುಮ್ಮನಿರಿಸಿದೆ. ನಾನೂ ಬಾಯಿ ಬಿಡಲಿಲ್ಲ. ಅವನ ಕಾಲು ನೆಲ ಮುಟ್ಟಿ, ಕೋಲು ಗೋಡೆ ಹುಡುಕಿಕೊಳ್ಳುವ ತನಕ ನಿಂತು, ಆಮೇಲೆ ಹೊರಟೆ.

ಪಾಪ, ಮುದುಕನಿಗೆ ವಯಸ್ಸಾಯಿತು. ಕಣ್ಣಂತೂ ಇಲ್ಲ, ಈಗ ಅಂದಾಜೂ ತಪ್ಪುತ್ತಿದೆ.